ಬಾವಿ ದಂಡೆಯ ಒಂದನೇ ಪೆಟ್ಟಿಗೆ

"ಬ್ಯಾಟರಿ ಕಳ್ಳಿ ಅಂಗಡಿಗೆ ಯಾಕ ಬಂದ್ರಿ, ಸಾಹೇಬ್ರ?"

ತಲೆ ಎತ್ತದೆಯೇ ಕೇಳಿದಳು ಪೂನಮ. ಆ ಬೂಟಿನ ಸದ್ದನ್ನು ಅವಳು ಎರಡು ವರ್ಷವಾದರೂ ಮರೆತಿರಲಿಲ್ಲ. ಮರೆಯಲು ತನ್ನನ್ನು ತಾನು ಬಿಟ್ಟೂ ಇರಲಿಲ್ಲ!

ಅಥಣಿ ಬಸ್ ಸ್ಟ್ಯಾಂಡ್ ಎದುರಿನ ಅವಳ ಮೊಬೈಲ್ ರಿಪೇರಿ ಅಂಗಡಿಯ ಗಾಜಿನ ಮೇಲೆ ಆ ಬೂಟಿನವನು, ಅಂದರೆ ಸಂದೇಶ, ಒಂದು ಬಿಳಿ ಪೆಟ್ಟಿಗೆ ಇಟ್ಟ. ಅಂಗೈಯಗಲದ್ದು. ಮೇಲೊಂದು ಕಡ್ಡಿಯಂಥ ಆಂಟೆನಾ. ಬದಿಯಲ್ಲಿ ಬರೆದಿತ್ತು: ನಂ. ೧.

ಪೂನಮಳ ಕೈಯ ಸ್ಕ್ರೂಡ್ರೈವರ್ ನಿಂತುಬಿಟ್ಟಿತು.

ಎರಡು ವರ್ಷದ ಹಿಂದೆ ಶ್ರೀಪಾಲ ಕಾಕಾನ ದ್ರಾಕ್ಷಿ ತೋಟದಲ್ಲಿ ಊರ ರೈತರಿಗೆಲ್ಲ ಮಾದರಿಯಾಗಿ ಇಂಥ ಮೂವತ್ತು ಪೆಟ್ಟಿಗೆ ನೆಟ್ಟವರು ಇವರಿಬ್ಬರೇ. ಅವು ನೆಲದ ತೇವ ಅಳೆಯುತ್ತಿದ್ದವು. ವೈರಿಲ್ಲದೆ ಒಂದು ಇನ್ನೊಂದಕ್ಕೆ ಹೇಳಿ, ಅದು ಮತ್ತೊಂದಕ್ಕೆ ಹೇಳಿ, ಕೊನೆಗೆ ಬಾವಿ ದಂಡೆಯ ಒಂದನೇ ಪೆಟ್ಟಿಗೆ ಎಲ್ಲ ಸುದ್ದಿಯನ್ನೂ ಮೋಟರ್ ಕೋಣೆಗೆ ಮುಟ್ಟಿಸುತ್ತಿತ್ತು. ಅದನ್ನು ನೋಡಿಕೊಂಡು ಮೋಟರ್ ನೀರು ಬಿಡುತ್ತಿತ್ತು.

ಅವನು ಕಂಪನಿಯ ಇಂಜಿನಿಯರ್. ಅವಳು ಹತ್ತನೇ ತರಗತಿಗೇ ಶಾಲೆ ಬಿಟ್ಟವಳು, ಬ್ಯಾಟರಿ ಬದಲಿಸುವ ಕೆಲಸದವಳು. ದ್ರಾಕ್ಷಿ ಸಾಲಿನ ನಡುವೆ ಕೂತು ಅವಳ ಡಬ್ಬಿಯಲ್ಲೇ ಅವನು ಉಂಡಿದ್ದ. "ನಿನ್ನಂಥ ಕೈ ನಾ ಎಲ್ಲೂ ನೋಡಿಲ್ಲ" ಅಂದಿದ್ದ. ಆ ಒಂದು ಮಾತಿಗೆ ಅವಳು ಎಷ್ಟು ದಿನ ಒಬ್ಬಳೇ ನಕ್ಕಿದ್ದಳೋ...

ಆದರೆ ಉಳಿದ ಬ್ಯಾಟರಿಗಳು ಆರು ತಿಂಗಳು ಬಾಳಿದರೆ ಒಂದನೇ ಪೆಟ್ಟಿಗೆಯದು ಹತ್ತೇ ದಿನಕ್ಕೆ ಸಾಯುತ್ತಿತ್ತು. ಅದು ಸತ್ತರೆ ಇಡೀ ತೋಟವೇ ಮೂಕ!

ಸಂದೇಶ ಕಂಪನಿಗೆ ಬರೆದುಕೊಟ್ಟ: 'ಕೆಲಸದಾಕೆ ಹೊಸ ಬ್ಯಾಟರಿ ಮಾರಿಕೊಂಡು ಹಳೆಯದನ್ನು ಹಾಕುತ್ತಿದ್ದಾಳೆ.'

ಕಾಕಾನ ಒಣದ್ರಾಕ್ಷಿ ಶೆಡ್ಡಿನಲ್ಲಿ, ನಲವತ್ತು ರೈತರ ಮುಂದೆ ಕಂಪನಿಯವರು ಅದನ್ನು ಗಟ್ಟಿಯಾಗಿ ಓದಿದರು. ಸಂದೇಶ ನೆಲ ನೋಡುತ್ತ ನಿಂತಿದ್ದ. ಅಂದಿನಿಂದ ಅವಳ ಹೆಸರು ಪೂನಮ ಅಲ್ಲ... ಬ್ಯಾಟರಿ! ಬಸ್ಸಿನಲ್ಲಿ ಪಕ್ಕಕ್ಕೆ ಕೂತವರು ತಮ್ಮ ಚೀಲ ಎಳೆದುಕೊಳ್ಳುತ್ತಿದ್ದರು. ಬಂದ ಎರಡು ಸಂಬಂಧ ಬಾಗಿಲಿನಿಂದಲೇ ವಾಪಸಾದವು.

"ನೀ ಹೋದ ಮ್ಯಾಲೂ ಇದು ಹತ್ತ ದಿನಕ್ಕ ಸಾಯಾಕತ್ತೈತಿ, ಪೂನಮ." ಸಂದೇಶನ ದನಿ ಬಿದ್ದುಹೋಗಿತ್ತು.

"ಹಂಗಾರ ಕಳ್ಳಿ ಯಾರ್ರೀ?"

ಅವನು ಪೆಟ್ಟಿಗೆಯನ್ನು ಅವಳ ಕಡೆ ಸರಿಸಿದ.

"ನಾಳೆ ಶೆಡ್ಡಿನ್ಯಾಗ ರೈತರ ಮೀಟಿಂಗ್ ಐತಿ. ಸರಿ ಆಗದಿದ್ರ ಮೂವತ್ತೂ ಪೆಟಗಿ ಕಿತ್ತ ಒಗಿತಾರ. ನನಗ ತಿಳಿಯವಲ್ದು... ನಿನಗ ತಿಳಿದ್ರ ಹೇಳ."

ಅವನು ಕಾಲಿಗೆ ಬಿದ್ದಿದ್ದರೂ ಅವಳಿಗೆ ಇಷ್ಟು ಖುಷಿ ಆಗುತ್ತಿರಲಿಲ್ಲ! ಅವಳಿಗೆ ತಿಳಿದಿತ್ತು. ಕಂಪನಿಯವರು ಕಸಕ್ಕೆ ಎಸೆದ ಪೆಟ್ಟಿಗೆಗಳನ್ನು ತಂದು, ಬಿಚ್ಚಿ, ಮೀಟರ್ ಹಚ್ಚಿ ಎರಡು ವರ್ಷ ಕೂತಿದ್ದಳು. ಸಿಟ್ಟೇ ಅವಳ ಮಾಸ್ತರ್ ಆಗಿತ್ತು.

"ಬರ್ತೇನಿ," ಅಂದಳು. "ಹೇಳೂದು ಮಾತ್ರ ಅಲ್ಲೇ. ಅದ ನಲವತ್ತ ಮಂದಿ ಮುಂದ."

ಅವನ ದೂರಿನ ಪ್ರತಿ ಅವಳ ಚೀಲದಲ್ಲಿ ಮಡಚಿ ಕೂತಿತ್ತು. 'ಅವನ ಬಾಯಿಲೇ ಓದಸ್ತೇನಿ. ಅವನೂ ನೆಲ ನೋಡ್ಲಿ... ನಾ ನಿಂತು ನೋಡ್ತೇನಿ!'

ಮರುದಿನ ಶೆಡ್ಡಿಗೆ ಕಾಲಿಟ್ಟಳೋ ಇಲ್ಲವೋ, "ಬಂತಪಾ ಬ್ಯಾಟರಿ! ಕಿಸೆ ಹಿಡಕೋರಿ!" ಎಂದು ಯಾರೋ ನಕ್ಕರು.

ಪೂನಮ ನೇರ ಹೋಗಿ ಶ್ರೀಪಾಲ ಕಾಕಾನ ಎದುರು ನಿಂತಳು.

"ಕಾಕಾ, ನಿಮ್ಮ ಬಾವಿ ಮ್ಯಾಲೆ ನಾಕ ಮಂದಿ ಅಣ್ಣತಮ್ಮರ ತೋಟ ಅದಾವು. ನಾಕೂ ತೋಟಕ್ಕ ದಿನಾ ಒಬ್ಬಾವನ ನೀರ ಹಾಯಿಸಿದ್ರ ಏನಾಗತೈತಿ?"

"ಸತ್ತ ಹೋಗ್ತಾನವ್ವಾ! ಅದಕ್ಕ ಪಾಳಿ ಹಚ್ಚೇವಿ. ಇಂದ ನಾ, ನಾಳೆ ನನ್ನ ತಮ್ಮ."

"ಒಂದನೇ ಪೆಟಗಿ ಸಾಯೂದೂ ಹಿಂಗ. ಮೋಟರ್ ಕೋಣಿಗೆ ಹತ್ರ ಐತಿ ಅಂತ ಇಪ್ಪತ್ತೊಂಬತ್ತರ ಸುದ್ದಿನೂ ಅದರ ತಲಿ ಮ್ಯಾಲೆ ಹೊರಿಸ್ಯಾರ. ತೇವ ಅಳಿಯಾಕ ಬ್ಯಾಟರಿ ಅಷ್ಟ ಹೋಗೂದಿಲ್ರಿ, ಸುದ್ದಿ ಕಳಸಾಕ ಹೋಗತೈತಿ. ಬಾವಿ ಸುತ್ತ ಆರು ಪೆಟಗಿ ಅದಾವು. ದಿನಕ್ಕೊಂದು ಹೊರ್ಲಿ. ಪಾಳಿ ಹಚ್ರಿ!"

ಯಾರೂ ನಗಲಿಲ್ಲ.

"ಇನ್ನೊಂದು. ಹತ್ತ ನಿಮಿಷಕ್ಕೊಮ್ಮೆ ಸುದ್ದಿ ಒದರತಾವು ಇವು. ತ್ರೀಫೇಸ್ ಕರೆಂಟ್ ಇಲ್ದಾಗ ಮೋಟರ್ ಓಡೂದಿಲ್ಲ, ಮತ್ತ ಯಾರ ಮುಂದ ಒದರತಾವು? ಮಲಗಸ್ರಿ ಅವನ್ನ. ಕರೆಂಟ್ ಬರೂ ಮುಂದ ಎಬ್ಬಸ್ರಿ, ಸಾಕು."

ಕಾಕಾ ತಲೆಯ ಬಿಳಿ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ. ಈಗ! ಪೂನಮಳ ಕೈ ಚೀಲಕ್ಕೆ ಹೋಯಿತು. ಮಡಚಿದ ಕಾಗದ ಬೆರಳಿಗೆ ತಾಗಿತು...

"ಆ ದೂರು ಬರದಾವ ನಾನ್ರೀ!"

ಸಂದೇಶ ಎದ್ದು ನಿಂತಿದ್ದ. ಈ ಸಲ ನೆಲ ನೋಡುತ್ತಿರಲಿಲ್ಲ.

"ಒಂದ ಸಾಲೂ ಖರೆ ಅಲ್ಲ. ಪೆಟಗಿ ಯಾಕ ಸಾಯ್ತೈತಿ ಅಂತ ನನಗ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನಾಕ ನಾಚಿಕಿ ಆತು. ಸಾಲಿ ಬಿಟ್ಟಾಕಿ ಮ್ಯಾಲೆ ಹಾಕಿದ್ರ ಎಲ್ಲಾರೂ ನಂಬ್ತಾರ ಅಂತ ಗೊತ್ತಿತ್ತು. ನೀವೂ ನಂಬಿದ್ರಿ! ಆಕಿ ಏನೂ ಕದ್ದಿಲ್ರಿ. ಆಕಿ ಹೆಸರ ಕದ್ದಾವ ನಾ."

"ನಮ್ದೂ ತಪ್ಪಾತವ್ವಾ, ಪೂನಮ," ಅಂದ ಕಾಕಾ.

ಎರಡು ವರ್ಷದ ಮೇಲೆ ಆ ಶೆಡ್ಡಿನಲ್ಲಿ ಅವಳ ಹೆಸರು ಕೇಳಿಸಿತು.

ಅವಳು ಗೆದ್ದಿದ್ದಳು. ಆದರೆ ಎರಡು ವರ್ಷ ತಾಲೀಮು ಮಾಡಿದ ಮಾತುಗಳಲ್ಲಿ ಒಂದನ್ನೂ ಆಡಲು ಅವನು ಬಿಟ್ಟಿರಲಿಲ್ಲ! ಸರ್ರನೆ ಹೊರಗೆ ನಡೆದಳು.

ಬಾವಿ ದಂಡೆಯಲ್ಲಿ ಸಂದೇಶ ಓಡಿಬಂದು ಎದುರು ನಿಂತ.

"ಯಾಕ ಮೊದಲ ಹೇಳಿದಿ?" ಕಾಗದವನ್ನು ಅವನ ಎದೆಗೆ ಒಗೆದಳು. "ಇದನ್ನ ನಿನ್ನ ಬಾಯಿಲೇ ಓದಸಾಕಿ ಇದ್ನಿ ನಾ! ಹೆಸರ ಕಸ್ಕೊಂಡಿ. ಈಗ ಸೇಡೂ ಕಸ್ಕೊಂಡ್ಯಾ?"

ಅವನು ಬಗ್ಗಿ ಕಾಗದ ಎತ್ತಿಕೊಂಡ. "ಒಳಗ ಬಾ, ಮತ್ತ ಓದ್ತೇನಿ. ದಿನಾ ಬೇಕಂದ್ರ ದಿನಾ ಓದ್ತೇನಿ."

"ಎರಡ ವರ್ಷ... ಒಂದ ಫೋನ್ ಇಲ್ಲ!"

"ದಿನಾ ನಂಬರ್ ತಗೀತಿದ್ನಿ. ಬೈತಿ ಅಂತ ಹೆದರಿಕಿ."

"ಬೈತಿದ್ನಿ!"

"ಬೈಸ್ಕೊಳ್ಳಾಕ ಬಂದೇನಿ, ಪೂನಮ. ನಿನ್ನ ಬಿಟ್ಟು ಇರಾಕ ಆಗವಲ್ದು."

ಅವಳು ಥಟ್ಟನೆ, ದಂಡೆಯಲ್ಲಿ ಮತ್ತೆ ನೆಟ್ಟಿದ್ದ ಒಂದನೇ ಪೆಟ್ಟಿಗೆಯ ಕಡೆ ತಿರುಗಿದಳು. ಕಣ್ಣೀರು ಅವನಿಗೆ ಕಾಣಬಾರದು!

"ಮಾಫಿ ಮಾಡಿಲ್ಲ ನಾ. ಮೂವತ್ತೂ ಪೆಟಗಿಗೆ ನೀನ ಪಾಳಿ ಹಚ್ಚಬೇಕು. ನಾ ನಿಂತು ನೋಡಾಕಿ."

"ಹೂಂ."

"ಈ ಸಿಟ್ಟು ನಾ ಒಬ್ಬಾಕಿನ ಹೊತ್ತೇನಿ. ಸಾಕಾಗೇತಿ ನನಗ..." ದನಿ ಒಡೆಯಿತು. "ಇನ್ನ ನಿನ್ನ ಪಾಳಿ."

ಸಂದೇಶ ಅವಳ ಹೆಗಲಿನ ಚೀಲ ತೆಗೆದು ತನ್ನ ಹೆಗಲಿಗೆ ಹಾಕಿಕೊಂಡ. ಭಾರವಿತ್ತು. ಒಳಗೆ ನೋಡಿದ. ಊಟದ ಡಬ್ಬಿ... ಒಂದಲ್ಲ, ಎರಡು!

"ಎರಡ ಯಾಕ ತಂದಿ?"

"ಸೇಡ ತೀರಿಸಿದ ಮ್ಯಾಲೆ ಹಸಿವು ಭಾಳ ಆಗತೈತಿ ಅಂತ!" ಸೆರಗಿನಿಂದ ಮುಖ ಒರೆಸಿಕೊಂಡಳು. "ಬಾ... ಉಣ್ಣು ಬಾ."