ಅರ್ಧ ಎಮ್ಮೆಯಾದ ಹೊಲ

ಬಹಳ ಬಹಳ ಹಿಂದೆ, ರಾಗಿಯನ್ನೇ ಉಂಡು ರಾಗಿಯನ್ನೇ ಬೆಳೆಯುವ ಒಂದು ರಾಜ್ಯವಿತ್ತು. ಅಲ್ಲಿನ ಜನಕ್ಕೆ ಅನುಮಾನ ಹುಟ್ಟುಗುಣ. ನೆಂಟರು ನಕ್ಕರೆ ಯಾಕೆ ನಕ್ಕರೋ ಎಂದು, ನಗದಿದ್ದರೆ ಯಾಕೆ ನಗಲಿಲ್ಲವೋ ಎಂದು ತಲೆ ಕೆಡಿಸಿಕೊಳ್ಳುವರು. ಇಂಥವರು ಕಣ್ಣುಮುಚ್ಚಿ ನಂಬಿದ್ದು ಧೂಳಾಸುರ ಎಂಬ ಮಾಂತ್ರಿಕನೊಬ್ಬನನ್ನೇ. ಏಕೆಂದರೆ ಅವನು ಬಿಟ್ಟಿ ಕೊಡುತ್ತಿದ್ದ.

ಅವನು ಕೊಡುತ್ತಿದ್ದುದು ಹಸಿರು ಪುಡಿ. ಎರಚಿದರೆ ಪೈರು ಆಳೆತ್ತರ ಏಳುತ್ತಿತ್ತು, ತೆನೆ ಮಾತ್ರ ಕಟ್ಟುತ್ತಿರಲಿಲ್ಲ. "ಇನ್ನಷ್ಟು ಹಾಕಿ" ಎನ್ನುತ್ತಿದ್ದ ಮಾಂತ್ರಿಕ. ಹಾಕುತ್ತಿದ್ದರು. ಪುಡಿ ತಿಂದು ತಿಂದು ಸೋತ ಹೊಲ ಒಂದು ಬೆಳಿಗ್ಗೆ ಎಮ್ಮೆಯಾಗಿ ಎದ್ದು, ಮೈ ಕೊಡವಿ, ಅವನ ಕೊಟ್ಟಿಗೆಗೆ ನಡೆದುಬಿಡುತ್ತಿತ್ತು. ಹೊಲದವನೂ ಅದರ ಹಿಂದೆ ಹೋಗಿ ಸಗಣಿ ಬಾಚುತ್ತಾ ಬಿದ್ದಿರಬೇಕು. ಕೆಂಪೀರಿ ಎಂಬ ಹೆಂಗಸಿನ ಅಣ್ಣ ಸೋಬಯ್ಯ ಹಾಗೆಯೇ ಹೋಗಿದ್ದ. ಈಗ ಆ ಮನೆಗೆ ಅವಳ ಪಾಲಿನ ಹೊಲವೊಂದೇ ಉಳಿದಿತ್ತು. ಅದೂ ಆಗಾಗ ಎಮ್ಮೆಯ ಹಾಗೆ ಉಸಿರು ಬಿಡುತ್ತಿತ್ತು.

ಆಗ ರಾಣಿ, ಜನರಿಗೆ ಬೇಸಾಯ ಕಲಿಸಲು ಚೆನ್ನಾಜಮ್ಮ ಎಂಬ ಮುದುಕಿಯನ್ನು ಕಳಿಸಿದಳು.

"ಬಿತ್ತನೆ ರಾಗೀನ ಉಪ್ಪುನೀರಿಗೆ ಹಾಕಿ. ತೇಲೋ ಜೊಳ್ಳನ್ನ ತೆಗೆದು ಬಿಸಾಡಿ" ಎಂದಳು ಚೆನ್ನಾಜಮ್ಮ.

"ಬಿಸಾಡಿದ್ದನ್ನ ಸಂಜೆಗೆ ಇವಳೇ ಗೋರ್ಕೊಂಡು ಹೋಗ್ತಾಳೆ" ಎಂದರು ಜನ.

"ಬೊಗಸೆ ಬೊಗಸೆ ಎರಚಬೇಡಿ. ಸಾಲು ಹಿಡಿದು ಬಿತ್ತಿದ್ರೆ ಅರ್ಧ ಬೀಜ ಸಾಕು."

"ಉಳಿದರ್ಧ ಯಾರ ಮನೆಗಂತೆ?"

"ಕೊಟ್ಟಿಗೆ ಗೊಬ್ಬರ ಹಾಕಿ. ಹಸಿರು ಪುಡಿ ಬುಡಕ್ಕೊಂದು ಚಿಟಿಕೆ, ಅಷ್ಟೇ."

"ಬಿಟ್ಟಿ ಸಿಗೋದು ಕಂಡು ಇವಳಿಗೆ ಹೊಟ್ಟೆ ಉರಿ!"

ಎಲ್ಲರಿಗಿಂತ ಜೋರಾಗಿ ಕೂಗಿದವಳು ಕೆಂಪೀರಿಯೇ. ಚೆನ್ನಾಜಮ್ಮ ಸಿಟ್ಟಾಗಲಿಲ್ಲ. "ನನ್ನನ್ನ ನಂಬಬೇಡ ಮಗಾ. ಅರ್ಧ ಹೊಲ ನಿನ್ನ ಹಂಗೆ ಬಿತ್ತು, ಇನ್ನರ್ಧ ನಾನು ಹೇಳ್ದಂಗೆ. ಕಣ್ಣೈತಲ್ಲ, ನೋಡು" ಎಂದಳು.

ಇದರಲ್ಲೂ ಏನೋ ಮಸಲತ್ತಿದೆ ಎಂದುಕೊಂಡೇ ಕೆಂಪೀರಿ ಹಾಗೆ ಬಿತ್ತಿದಳು. ಮುದುಕಿಯ ಅರ್ಧ ಮೊದಮೊದಲು ಬೋಳುತಲೆಯ ಹಾಗಿತ್ತು. ಮೋಸ ಹೋದೆ ಎಂದುಕೊಂಡಳು ಕೆಂಪೀರಿ. ಆಮೇಲೆ ಒಂದೊಂದು ಬುಡವೂ ಕವಲೊಡೆದು ತೆನೆ ಬಾಗಿತು. ಪುಡಿ ಎರಚಿದ ಅರ್ಧ ಕಪ್ಪು ಹಸಿರಾಗಿ ಬೆಳೆದು, ಒಂದೇ ಗಾಳಿಗೆ ಮಲಗಿತು.

ಮರುದಿನ ಬೆಳಿಗ್ಗೆ ಆ ಮಲಗಿದ ಅರ್ಧ ಎದ್ದು ನಿಂತಿತು. ಕೊಂಬು ಬಂತು, ಕೊರಳು ಬಂತು, ಮುಂಗಾಲು ಬಂತು. ಹಿಂಗಾಲು ಬರಲಿಲ್ಲ. ಹಿಂದಿನ ಅರ್ಧ, ಮುದುಕಿ ಹೇಳಿದಂತೆ ಬಿತ್ತಿದ್ದು, ರಾಗಿ ಹೊಲವಾಗಿಯೇ ಬೇರು ಬಿಟ್ಟು ನಿಂತಿತ್ತು. ಎಲ್ಲಿಗೂ ಹೋಗಲಾರದೆ ಅರ್ಧ ಎಮ್ಮೆ ಅಂಬಾ ಎಂದು ಅರಚಿತು.

ಧೂಳಾಸುರ ಹಗ್ಗ ಹಿಡಿದು ಓಡಿಬಂದ. ಎಳೆದ, ಬರಲಿಲ್ಲ. "ಆ ಕಡೆಗೂ ಪುಡಿ ಹಾಕು!" ಎಂದು ಗದರಿದ.

ಕೆಂಪೀರಿ ಒಮ್ಮೆ ಎಮ್ಮೆಯನ್ನು ನೋಡಿದಳು, ಒಮ್ಮೆ ತೆನೆಯನ್ನು ನೋಡಿದಳು. ಅವಳ ಅನುಮಾನ ಮೊದಲ ಸಲ ಸರಿಯಾದ ಕಡೆ ತಿರುಗಿತು.

"ಎಷ್ಟು ಹಾಕ್ಲಿ?"

ಇದನ್ನು ಅವನಲ್ಲಿ ಯಾರೂ ಕೇಳಿರಲಿಲ್ಲ. "ಇನ್ನಷ್ಟು" ಎಂದ. ಎನ್ನುತ್ತಲೇ ಸೊಂಟದೆತ್ತರಕ್ಕೆ ಕುಗ್ಗಿದ.

"ಇನ್ನಷ್ಟು ಅಂದ್ರೆ ಎಷ್ಟು?"

"ಇನ್ನೂ... ಇನ್ನಷ್ಟು." ಮೊಣಕಾಲೆತ್ತರವಾದ.

ಈಗ ಇಡೀ ಊರೇ ಸುತ್ತುಗಟ್ಟಿ ಕೂಗಿತು: "ಎಷ್ಟು ಅಂತ ಬಾಯ್ಬಿಡೋ!"

"ಇನ್ನಷ್ಟು, ಇನ್ನಷ್ಟು" ಎನ್ನುತ್ತಲೇ ಮಾಂತ್ರಿಕ ಕುಗ್ಗಿ ಕುಗ್ಗಿ, ನೆಲದ ಮೇಲೆ ಒಂದು ಚಿಟಿಕೆ ಹಸಿರು ಪುಡಿಯಾಗಿ ಉಳಿದ.

"ಇದನ್ನೇನು ಮಾಡ್ಲಿ ಅವ್ವಾ?" ಎಂದಳು ಕೆಂಪೀರಿ.

"ಅಳತೆ ಸರಿಯಾಗೈತೆ. ಒಂದು ಬುಡಕ್ಕೆ ಹಾಕು" ಎಂದಳು ಚೆನ್ನಾಜಮ್ಮ.

ಕೊಟ್ಟಿಗೆಯ ಬಾಗಿಲು ತಾನೇ ತೆರೆಯಿತು. ಎಮ್ಮೆಗಳೆಲ್ಲ ಸಾಲಾಗಿ ಬಂದು ತಮ್ಮ ತಮ್ಮ ಜಾಗದಲ್ಲಿ ಮಲಗಿ ಹೊಲಗಳಾದವು. ಅವುಗಳ ಹಿಂದೆ ಹೊಲದವರು ಬಂದರು. ಕೆಂಪೀರಿಯ ಅರ್ಧ ಎಮ್ಮೆಯೂ ಮಲಗಿ ಮತ್ತೆ ಹೊಲವಾಯಿತು. ಅಂದಿನಿಂದ ಆ ರಾಜ್ಯದವರು ಹೊಟ್ಟೆ ತುಂಬ ಉಂಡು, ಅನುಮಾನವನ್ನೂ ಬಿಡದೆ, ನೆಮ್ಮದಿಯಾಗಿ ಬಾಳಿದರು.

ಸೋಬಯ್ಯನೂ ಬಂದಿದ್ದ, ಸೊರಗಿ ಕಡ್ಡಿಯಾಗಿದ್ದ. ತಂಗಿಯನ್ನು ಮಾತಾಡಿಸುವ ಮೊದಲೇ ಹೊಲದತ್ತ ಕಣ್ಣು ಕಿರಿದು ಮಾಡಿ, "ಇದ್ಯಾಕೆ ಇಷ್ಟು ತೆಳ್ಳಗೆ ಬಿತ್ತಿದ್ದೀಯೆ? ಯಾರು ಹೇಳಿದ್ದು ನಿಂಗೆ?" ಎಂದ.

ಕೆಂಪೀರಿ ಅವನ ಕೈಹಿಡಿದು ಒಲೆಯ ಮುಂದೆ ಕೂರಿಸಿ, ಬಿಸಿ ಮುದ್ದೆ ಇಕ್ಕಿದಳು.

"ಮೊದ್ಲು ಉಣ್ಣಣ್ಣಾ" ಎಂದಳು. "ಆಮೇಲೆ ಅನುಮಾನ ಪಡುವಂತೆ."