ಭೂತ ಬಂಗಲೆಯ ಹಗಲು

ಮುದ್ದಕ್ಕ ಎತ್ತಪ್ಪನ ಕೈ ಕಚ್ಚಿದಾಗ ಅವರಿಬ್ಬರೂ ಇನ್ನೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

ಎಪ್ಪತ್ತನಾಲ್ಕನೇ ಇಸವಿಯ ಚಳಿಗಾಲ. ಚಿತ್ರದುರ್ಗದ ಬಯಲಿಗೆ ಮುರುಗಪ್ಪನವರ ಎಕ್ಸಿಬಿಷನ್ ಬಂದು ಇಳಿದಿತ್ತು. ಜೈಂಟ್ ವೀಲು, ಮರದ ಕುದುರೆಗಳು, ನಗಿಸುವ ಕನ್ನಡಿಗಳ ಡೇರೆ, ಮೂಲೆಯಲ್ಲಿ ತಗಡಿಗೆ ಕಪ್ಪು ಬಟ್ಟೆ ಹೊದಿಸಿ ಕಟ್ಟಿದ ಭೂತ ಬಂಗಲೆ. ಆ ಬಂಗಲೆಯೊಳಗಿನ ಕತ್ತಲೆಗೆಲ್ಲ ಎತ್ತಪ್ಪನೇ ಯಜಮಾನ. ಹಳೆ ಪೇಪರು ನೆನೆಸಿ, ಹುಣಸೆ ಬೀಜದ ಅಂಟು ಕಲಸಿ ದೆವ್ವಗಳ ಮುಖ ಮಾಡಿದವನು ಅವನು. ಹಗ್ಗ ಎಳೆದು ಅಸ್ಥಿಪಂಜರ ಕುಣಿಸುವವನು ಅವನು. ಕಪ್ಪು ಅಂಗಿ ತೊಟ್ಟು, ನೀರಿನಲ್ಲಿ ಅದ್ದಿದ ಕೈಯನ್ನು ಬಂದವರ ಹೆಗಲ ಮೇಲೆ ಮೆತ್ತಗೆ ಇಡುವವನೂ ಅವನೇ.

ಆ ಮಧ್ಯಾಹ್ನವೂ ಹಾಗೇ ಇಟ್ಟ. ಎಲ್ಲರೂ ಕಿರುಚುತ್ತಿದ್ದರು. ಈ ಹೆಗಲು ಕಿರುಚಲಿಲ್ಲ. ತಿರುಗಿ ಅವನ ಕೈ ಹಿಡಿದು ಕಚಕ್ಕನೆ ಕಚ್ಚಿತು. ಕಿರುಚಿದವನು ಎತ್ತಪ್ಪ.

ಹೊರಗೆ ಬಿಸಿಲಿಗೆ ಬಂದು ನೋಡಿದರೆ, ಹಳದಿ ಸೀರೆಯ ಹುಡುಗಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಜಗಳಕ್ಕೆ ನಿಂತಿದ್ದಳು. ಮುರುಗಪ್ಪನವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ಎತ್ತಪ್ಪಾ, ಇವಳು ಮುದ್ದಕ್ಕ. ಇವತ್ತಿಂದ ನಮ್ಮ ಮೈಕು ಇವಳದೇ. ಏನು ಕೂಗ್ಬೇಕು ಅಂತ ತಿಳ್ಕಳಾಕೆ ಒಳಗೆ ಹೋಗಿದ್ಲು."

ಜಗಳ ಮಾಡಲು ತೆರೆದ ಅವಳ ಬಾಯಿ ಹಾಗೇ ನಿಂತಿತು. ಮುದ್ದಕ್ಕ ಅವನ ಕೈ ನೋಡಿದಳು. ಹಲ್ಲಿನ ಗುರುತು ಕೆಂಪಗೆ ಸಾಲಾಗಿ ಮೂಡಿತ್ತು. ಓಡಿಹೋಗಿ ಐಸ್‌ಕ್ಯಾಂಡಿ ಮಾರುವವನ ಡಬ್ಬಿಯಿಂದ ಒಂದು ಕ್ಯಾಂಡಿ ತಂದು, ಆ ಗುರುತಿನ ಮೇಲೆ ಒತ್ತಿ ಹಿಡಿದಳು.

"ನೋಯ್ತಾ ಐತಾ?"

"ಇಲ್ಲ."

"ಸುಳ್ಳು ಹೇಳ್ಬ್ಯಾಡ್ರಿ. ನನ್ನ ಹಲ್ಲು ನಂಗೆ ಗೊತ್ತು."

ಕೆಂಪು ಬಣ್ಣದ ಐಸು ಕರಗಿ ಅವನ ಮೊಣಕೈವರೆಗೂ ಇಳಿಯಿತು. ಎತ್ತಪ್ಪನಿಗೆ ಅದನ್ನು ಒರೆಸಿಕೊಳ್ಳಬೇಕೆಂದು ಹೊಳೆಯಲೇ ಇಲ್ಲ.

ಮುದ್ದಕ್ಕ ಚಿಕ್ಕಜಾಜೂರಿನ ಹತ್ತಿರದ ಗೊಲ್ಲರ ಹಟ್ಟಿಯವಳು. ಅಪ್ಪ ಜುಂಜಯ್ಯನಿಗೆ ಕುರಿಮಂದೆ. ಎಸ್ಸೆಸ್ಸೆಲ್ಸಿ ಮುಗಿಸಿ, ದುರ್ಗದಲ್ಲಿ ಸೋದರತ್ತೆ ನಿಂಗಕ್ಕನ ಮನೆಯಲ್ಲಿ ಇದ್ದುಕೊಂಡು ಟೈಪಿಂಗ್ ಕಲಿಯುತ್ತಿದ್ದಳು. ಕುರಿ ಕರೆದು ಕರೆದು ಪಳಗಿದ ದನಿ ಅವಳದು. ಮೈಕಿನಲ್ಲಿ ಅವಳು "ಬರ್ರಿ, ಬರ್ರಿ" ಅಂದರೆ ಬಸ್‌ಸ್ಟ್ಯಾಂಡಿನಲ್ಲಿ ನಿಂತವರು ಸಹ ತಿರುಗಿ ನೋಡುತ್ತಿದ್ದರು.

ಆದರೂ ಭೂತ ಬಂಗಲೆಯ ಕಡೆಗೆ ಮಾತ್ರ ಯಾರೂ ಸುಳಿಯಲಿಲ್ಲ. ಹಿಂದಿನ ಕ್ಯಾಂಪು ಹಿರಿಯೂರಿನಲ್ಲಿ ಇದ್ದಾಗ ಒಳಗೆ ಹೋದ ಹೆಂಗಸೊಬ್ಬಳು ಮೂರ್ಛೆ ಹೋಗಿದ್ದಳಂತೆ. ಬಂಗಲೆಯಲ್ಲಿ ನಿಜವಾದ ದೆವ್ವವೇ ಸೇರಿಕೊಂಡಿದೆ ಎಂಬ ಸುದ್ದಿ ಎಕ್ಸಿಬಿಷನ್ನಿನ ಲಾರಿಗಳಿಗಿಂತ ಮೊದಲೇ ದುರ್ಗ ತಲುಪಿತ್ತು. ಎತ್ತಪ್ಪ ಖಾಲಿ ಕತ್ತಲೆಯಲ್ಲಿ ಒಬ್ಬನೇ ಕುಂತು ಅಸ್ಥಿಪಂಜರದ ಧೂಳು ಒರೆಸುತ್ತಿದ್ದ. ಹೀಗೇ ಆದರೆ ಬಂಗಲೆ ಬಿಚ್ಚಿ ತಗಡು ಮಾರುವುದೇ ಎಂದು ಮುರುಗಪ್ಪನವರು ಒಂದು ಬೆಳಿಗ್ಗೆ ಹೇಳಿಬಿಟ್ಟರು.

"ಬಿಚ್ಚೋದು ಬ್ಯಾಡ್ರಿ, ತೆರೆದು ತೋರ್ಸಾಣ," ಅಂದಳು ಮುದ್ದಕ್ಕ. "ಬೆಳಗ್ಗೆ ಹೊತ್ತು ಕಪ್ಪು ಬಟ್ಟೆ ಎತ್ತಿಬಿಡಾಣ. ಹಗ್ಗ ಎಲ್ಲೈತೆ, ದೆವ್ವ ಹೆಂಗೆ ಹಾರ್ತೈತೆ, ಎಲ್ಲಾ ಜನ ಹಿಂದಿನಿಂದ ಬಂದು ನೋಡ್ಲಿ. ನಾನು ಕರ್ಕೊಂಡು ಹೋಗ್ತೀನಿ."

ಎತ್ತಪ್ಪನ ಮುಖ ಕೆಂಪಾಯಿತು. "ಗುಟ್ಟು ತೋರ್ಸಿದ ಮ್ಯಾಲೆ ಸಂಜೆ ಯಾರು ಹೆದರ್ತಾರೆ? ನನ್ನ ದೆವ್ವಗಳ್ನ ನಗೆಪಾಟಲು ಮಾಡ್ಬೇಕು ಅಂತ ಮಾಡೀರಾ?"

"ನಿಮ್ಮ ದೆವ್ವಗಳ್ನ ಯಾರೂ ನೋಡ್ದೇ ಇರೋದು ಚೆಂದಾನಾ?"

ಮುರುಗಪ್ಪನವರು ಅವಳ ಮಾತಿಗೇ ಒಪ್ಪಿಬಿಟ್ಟರು. ಎತ್ತಪ್ಪ ಎರಡು ದಿನ ಅವಳ ಜೊತೆ ಮಾತು ಬಿಟ್ಟ.

ಮೊದಲ ಬೆಳಿಗ್ಗೆ ಸಂತೆಗೆ ಬಂದ ಹೆಂಗಸರು ಒಂದಷ್ಟು, ಪೇಟೆಯ ಅಂಗಡಿಯವರು ಒಂದಷ್ಟು ಬಂದರು. ಹಿಂಬಾಗಿಲಿನಿಂದ ಮುದ್ದಕ್ಕ ಎಲ್ಲರನ್ನೂ ಒಳಗೆ ಕರೆತಂದಳು. ಬಟ್ಟೆ ಎತ್ತಿದ ಕಡೆ ಚಳಿಗಾಲದ ಬಿಸಿಲು ಬಿದ್ದು, ಕೋರೆಹಲ್ಲಿನ ಮುಖಗಳೆಲ್ಲ ಆಗ ತಾನೇ ನಿದ್ದೆಯಿಂದ ಎದ್ದವರ ಹಾಗೆ ಕಾಣುತ್ತಿದ್ದವು. ಎಣ್ಣೆಡಬ್ಬಕ್ಕೆ ಚರ್ಮ ಬಿಗಿದು, ನಡುವೆ ದಾರ ಪೋಣಿಸಿದ್ದನ್ನು ತೋರಿಸಿ ಅವಳು ದಾರ ಜಗ್ಗಿದಳು. ಬಂಗಲೆಯ ಭಯಂಕರ ನರಳಾಟ ಆ ಡಬ್ಬದಿಂದಲೇ ಹೊರಟಿತು. ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು.

"ಇನ್ನು, ಮೂಲೇಲಿ ಕುಂತಿರೋರು ನಮ್ಮ ದೊಡ್ಡ ದೆವ್ವ, ಎತ್ತಪ್ಪ ಅಂತ. ಈ ಮುಖಗಳ್ನೆಲ್ಲ ಮಾಡಿರೋದು ಇವರೇ. ಹತ್ರ ಬಂದು ನೋಡ್ರಿ, ಏನೂ ಮಾಡಲ್ಲ."

ಒಬ್ಬ ಮುದುಕಿ ಹತ್ತಿರ ಬಂದು ಅವನ ಗದ್ದ ಹಿಡಿದು ನೋಡಿದಳು. "ದೆವ್ವಕ್ಕೆ ಮದ್ವೆ ಆಗೈತೇನವ್ವ?"

"ಇನ್ನೂ ಇಲ್ಲ ಅಜ್ಜಿ. ಹೆಣ್ಣು ಕೊಡಾಕೆ ಎಲ್ರೂ ಹೆದರ್ತಾರೆ," ಅಂದಳು ಮುದ್ದಕ್ಕ. ಅಂದವಳು ಕಣ್ಣಂಚಿನಲ್ಲೇ ಒಮ್ಮೆ ಅವನನ್ನು ನೋಡಿದಳು. ನೆಲ ನೋಡಿಕೊಂಡು ಕುಂತಿದ್ದ ಎತ್ತಪ್ಪನ ಕಿವಿ ಬಿಸಿಯಾಯಿತು.

ಸಂಜೆ ಅವನು ಮುನಿಸಿನಲ್ಲೇ ಕಪ್ಪು ಅಂಗಿ ತೊಟ್ಟ. ಯಾರು ಬಂದಾರು ಅಂದುಕೊಂಡಿದ್ದ. ಬೆಳಿಗ್ಗೆ ನಕ್ಕವರೇ ಗಂಡಂದಿರನ್ನು, ಓರಗಿತ್ತಿಯರನ್ನು ಕಟ್ಟಿಕೊಂಡು ಬಂದು ಸಾಲು ನಿಂತರು. "ಅದು ಬರೀ ಡಬ್ಬ ಕಣೇ, ಹೆದರ್ಬ್ಯಾಡ," ಎನ್ನುತ್ತಲೇ ಒಳಗೆ ಬಂದರು. ಡಬ್ಬ ನರಳಿತು. ಎಲ್ಲ ಗೊತ್ತಿದ್ದವರೇ ಎಲ್ಲರಿಗಿಂತ ಜೋರಾಗಿ ಕಿರುಚಿಕೊಂಡರು. ಅದೇ ಮುದುಕಿ ಓಡುವ ಭರಕ್ಕೆ ಚಪ್ಪಲಿ ಬಿಟ್ಟು ಹೋದಳು. ಎತ್ತಪ್ಪ ಕತ್ತಲೆಯಲ್ಲಿ ಆ ಚಪ್ಪಲಿ ಕೈಯಲ್ಲಿ ಹಿಡಿದು ತನ್ನಷ್ಟಕ್ಕೆ ನಕ್ಕ. ಬಹಳ ದಿನವಾಗಿತ್ತು ನಕ್ಕು.

ಮಾರನೇ ದಿನ ಚಹದ ಅಂಗಡಿಯಲ್ಲಿ ಅವನೇ ಮಾತು ತೆಗೆದ. "ನೀವು ಹೇಳಿದ್ದೇ ಸರಿ ಆಯ್ತು ಬಿಡ್ರಿ."

"ಇನ್ನೊಂದ್ಸಲ ಹೇಳ್ರಿ. ಚಹ ಕುಡಿಯೋ ಸದ್ದಲ್ಲಿ ಕೇಳಿಸ್ಲಿಲ್ಲ," ಅಂದಳು. ಕೇಳಿಸಿತ್ತು ಅಂತ ಅವಳ ಕೆನ್ನೆಯ ಗುಳಿಯೇ ಹೇಳುತ್ತಿತ್ತು.

ಅಲ್ಲಿಂದ ಮುಂದೆ ಬಂಗಲೆಯೊಳಗಿನ ಬೆಳಗಿನ ಪ್ರವಾಸ ಊರಿಗೇ ಹೆಸರಾಯಿತು. ಭರಮಸಾಗರದಿಂದ, ಹೊಸದುರ್ಗದಿಂದ ಜನ ಬಸ್ಸು ಹತ್ತಿ ಬಂದರು. ದಿನಕ್ಕೊಂದು ಮಾತು ಎತ್ತಪ್ಪನ ಪರಿಚಯಕ್ಕೆ ಸೇರುತ್ತಿತ್ತು. ಒಂದು ದಿನ, "ಇವರ ಕೈ ಮಾತ್ರ ತಣ್ಣಗೆ, ಮನಸ್ಸು ಬೆಚ್ಚಗೆ." ಇನ್ನೊಂದು ದಿನ, "ನಿನ್ನೆಯಿಂದ ನಮ್ಮ ದೆವ್ವ ಪೌಡರ್ ಹಚ್ಕೊಳ್ಳಾಕೆ ಶುರು ಮಾಡೈತೆ, ಯಾಕೋ ಗೊತ್ತಿಲ್ಲ." ಜನ ನಗುತ್ತಿದ್ದರು. ಅವನು ತಲೆ ತಗ್ಗಿಸುತ್ತಿದ್ದ. ಆದರೆ ಬೆಳಿಗ್ಗೆ ಏಳುತ್ತಲೇ, ಇವತ್ತು ನನ್ನ ಬಗ್ಗೆ ಏನು ಹೇಳುತ್ತಾಳೋ ಎಂದು ಮನಸ್ಸು ಕಾಯುತ್ತಿತ್ತು. ಇಷ್ಟು ವರ್ಷ ಯಾರ ಕಣ್ಣಿಗೂ ಬೀಳದೆ ಇರುವುದೇ ಅವನ ಕೆಲಸವಾಗಿತ್ತು. ಈಗ ಒಬ್ಬಳ ಕಣ್ಣಿಗೆ ಬೀಳುವುದಕ್ಕಾಗಿ ಅವನು ಬಿಳಿ ಅಂಗಿ ಒಗೆದು ಹಾಕಿಕೊಳ್ಳುತ್ತಿದ್ದ.

ರಜೆಯ ಸೋಮವಾರ ನಿಂಗಕ್ಕ ಬುತ್ತಿ ಕಟ್ಟಿಕೊಂಡು ಇಬ್ಬರನ್ನೂ ಚಂದ್ರವಳ್ಳಿಗೆ ಕರೆದೊಯ್ದಳು. ಕೆರೆಯ ದಂಡೆಯ ಬಂಡೆ ಮೇಲೆ ರೊಟ್ಟಿ ತಿಂದು, ಮೂವರೂ ನೆಲದಡಿಯ ಗುಹೆ ನೋಡಲು ಹೊರಟರು. ಲಾಟೀನು ಹಿಡಿದವನ ಹಿಂದೆ ನಿಂಗಕ್ಕ ಇಳಿದಳು. ಎತ್ತಪ್ಪ ಗುಹೆಯ ಬಾಯಲ್ಲೇ ನಿಂತುಬಿಟ್ಟ.

"ಏನ್ರೀ?"

"ನೀವು ನೋಡ್ಕೊಂಡು ಬರ್ರಿ. ನಾನಿಲ್ಲೇ ಇರ್ತೀನಿ."

ಮುದ್ದಕ್ಕ ಅವನ ಮುಖ ನೋಡಿದಳು. ಹಣೆಯಲ್ಲಿ ಬೆವರು. "ನಿಮಗೆ ಕತ್ಲೆ ಅಂದ್ರೆ ಭಯಾನಾ?"

"ನಮ್ಮ ಬಂಗಲೆ ಕತ್ಲೇಲಿ ಯಾವ ಹಗ್ಗ ಎಲ್ಲೈತೆ ಅಂತ ಗೊತ್ತಿರ್ತೈತೆ. ಇಲ್ಲಿ ನಂಗೇನೂ ಗೊತ್ತಿಲ್ಲ."

ಅವಳು ಗೇಲಿ ಮಾಡುತ್ತಾಳೆ ಎಂದುಕೊಂಡಿದ್ದ. ಅವಳು ನಗಲಿಲ್ಲ. ಒಂದು ಮೆಟ್ಟಿಲು ಕೆಳಗಿಳಿದು, ತಿರುಗಿ ಕೈ ಚಾಚಿದಳು. "ಇಲ್ಲೊಂದು ಕೈ ಐತೆ. ಇದು ಗೊತ್ತಲ್ಲ?"

ಆ ಕೈ ಹಿಡಿದು ಅವನು ಇಳಿದ. ಒಳಗೆ ಕಲ್ಲಿನ ತಂಪು, ಬಾವಲಿಯ ವಾಸನೆ, ಮುಂದೆಲ್ಲೋ ನಿಂಗಕ್ಕನ ಮಾತು. ಏನು ನೋಡಿದನೋ ಅವನಿಗೆ ನೆನಪಿಲ್ಲ. ಹೊರಗೆ ಬೆಳಕಿಗೆ ಬಂದಮೇಲೂ ಸ್ವಲ್ಪ ಹೊತ್ತು ಇಬ್ಬರೂ ಕೈ ಬಿಡಲಿಲ್ಲ. ನಿಂಗಕ್ಕ ಅದನ್ನು ನೋಡಿ, ನೋಡದವಳ ಹಾಗೆ ಕೆರೆಯ ನೀರಿಗೆ ಕಾಲು ಇಳಿಬಿಟ್ಟು ಕುಂತಳು.

ಆದರೆ ನೋಡಿದವಳು ನಿಂಗಕ್ಕ ಒಬ್ಬಳೇ ಅಲ್ಲ. ಸುದ್ದಿ ಹಟ್ಟಿ ಮುಟ್ಟಿತು. ಅದೇ ವಾರ ಎಕ್ಸಿಬಿಷನ್ ದಾವಣಗೆರೆಗೆ ಹೊರಡುವುದೆಂದೂ ಗೊತ್ತಾಯಿತು. ಮುದ್ದಕ್ಕನ ಮೈಕಿನ ದನಿ ಮೆತ್ತಗಾಯಿತು. ಎತ್ತಪ್ಪ ಹೇಳಬೇಕೆಂದು ಬಾಯಿ ತೆರೆಯುವನು, ಚಹ ಕುಡಿದು ಮುಚ್ಚುವನು.

ಕೊನೆಯ ಬೆಳಗಿನ ಪ್ರವಾಸಕ್ಕೆ ಜನ ಕಿಕ್ಕಿರಿದಿದ್ದರು. ಮುದ್ದಕ್ಕ ನಗುತ್ತ ಶುರು ಮಾಡಿದವಳು ಗಕ್ಕನೆ ನಿಂತಳು. ಜನರ ನಡುವೆ, ಹೆಗಲ ಮೇಲೆ ಕರಿ ಕಂಬಳಿ, ಕೈಯಲ್ಲಿ ಕೋಲು ಹಿಡಿದು ಜುಂಜಯ್ಯ ನಿಂತಿದ್ದ. ಚಿಕ್ಕಜಾಜೂರಿನಿಂದ ಬೆಳಗಿನ ರೈಲಿಗೆ ಬಂದಿದ್ದ.

"ಅಪ್ಪಾ..."

"ಮನೆಗೆ ಹೋಗಾಣ ನಡಿ. ಕತ್ಲೆ ಡೇರೇಲಿ ಗಂಡಸ್ರ ಜೊತೆ ಕೆಲ್ಸ ಅಂತೆ. ಊರೆಲ್ಲ ಆಡ್ಕೊಂತೈತೆ."

ಮಾತಿನ ಮಲ್ಲಿಯಂತಿದ್ದ ಮುದ್ದಕ್ಕನಿಗೆ ಒಂದು ಮಾತೂ ಬರಲಿಲ್ಲ. ಜನ ಮುಖ ಮುಖ ನೋಡಿಕೊಂಡರು.

ಆಗ ಮೂಲೆಯಿಂದ ಎತ್ತಪ್ಪ ಎದ್ದು ಬಂದ. ಇಷ್ಟು ದಿನದಲ್ಲಿ ಒಮ್ಮೆಯೂ ಜನರೆದುರು ತುಟಿ ಬಿಚ್ಚಿದವನಲ್ಲ. ಉಳಿದಿದ್ದ ಕಪ್ಪು ಬಟ್ಟೆಯನ್ನೆಲ್ಲ ಒಂದೊಂದಾಗಿ ಸರಿಸಿದ. ಬಂಗಲೆಯ ಮೂಲೆ ಮೂಲೆಗೂ ಬಿಸಿಲು ಬಂತು.

"ಬರ್ರಿ, ನಾನು ತೋರಿಸ್ತೀನಿ," ಅಂದ ಜುಂಜಯ್ಯನಿಗೆ. "ಕತ್ಲೇಲಿ ಇರೋನು ನಾನೊಬ್ನೇ. ನಿಮ್ಮ ಮಗಳು ಇರೋದು ಹೊರಗೆ, ಬೆಳಕಲ್ಲಿ. ಅಗೋ ಅವರ ಮೈಕು. ಇದು ಅಸ್ಥಿಪಂಜರ. ಇದು ಅದರ ಹಗ್ಗ. ಎಳೀರಿ."

ಜುಂಜಯ್ಯ ಅನುಮಾನದಿಂದಲೇ ಹಗ್ಗ ಎಳೆದ. ಅಸ್ಥಿಪಂಜರ ಧೊಪ್ಪನೆ ಇಳಿದು ಅವನ ಮೂಗಿನ ಮುಂದೆ ಕುಣಿಯಿತು. ಮುದುಕ ಹಿಂದೆ ಹಾರಿದ. ಜನ ಉಸಿರು ಬಿಗಿಹಿಡಿದರು. ಜುಂಜಯ್ಯ ಅದರ ಕಾಲು ಮುಟ್ಟಿ ನೋಡಿ, ಮತ್ತೆ ಹಗ್ಗ ಎಳೆದ. ಈ ಸಲ ಮೀಸೆಯೊಳಗೇ ನಗು ಒಡೆಯಿತು.

"ಎಲಾ ಇದರ! ಇದನ್ನ ನೀನೇ ಮಾಡಿದ್ಯೇನಪ್ಪ? ಯಾವೂರು? ಯಾರ ಮಗ?"

"ಭರಮಸಾಗರದ ಹತ್ರ ಹಟ್ಟಿ. ಕುರಿ ಗೊಲ್ಲಪ್ಪನ ಮಗ."

"ಗೊಲ್ಲಪ್ಪನ ಮಗಾನಾ! ನಿಮ್ಮಪ್ಪ, ನಾನು ಒಂದೇ ಬಯಲಲ್ಲಿ ಮಂದೆ ನಿಲ್ಸಿದೋರು ಕಣೋ." ಆಮೇಲೆ ಕುಲ, ಕುಲದೊಳಗಿನ ಬೆಡಗು ಎಲ್ಲ ವಿಚಾರಿಸಿದ. ಒಪ್ಪುವ ಸಂಬಂಧವೇ ಎಂದು ಗೊತ್ತಾದಾಗ ಮುಖ ಸಡಿಲಾಯಿತು.

ಎತ್ತಪ್ಪ ಅಂಗಿಯ ತುದಿ ಹಿಡಿದುಕೊಂಡ. "ಒಂದು ಮಾತು. ನಿಮ್ಮ ಮಗಳನ್ನ ನನಗೆ ಕೊಡ್ರಿ. ಆದ್ರೆ ನಮ್ಮದು ಊರೂರು ತಿರುಗೋ ಬಾಳು. ಮುಚ್ಚಿಟ್ಟು ಕೇಳೋದಿಲ್ಲ."

"ತಿರುಗೋದೇನು ನಮಗೆ ಹೊಸದೇನಪ್ಪ?" ಅಂದ ಜುಂಜಯ್ಯ. "ಇವಳವ್ವ ಚಿತ್ತಮ್ಮ ಮದ್ವೆಯಾದ ವರ್ಷ ನನ್ನ ಮಂದೆ ಹಿಂದೆ ನಡೆದೇ ಬಂದ್ಲು. ಬಯಲಲ್ಲೇ ಒಲೆ ಹೂಡಿದ್ಲು. ಇವತ್ತಿಗೂ ಅದೇ ಚೆಂದಿತ್ತು ಅಂತಾಳೆ. ಊರೋರು ಆಡ್ಕಳ್ಳೋದು ಮದ್ವೆ ಊಟ ಹಾಕಿದ್ರೆ ನಿಲ್ತೈತೆ ಬಿಡು."

ಎಲ್ಲರೂ ನಿಟ್ಟುಸಿರು ಬಿಟ್ಟರು. ಆಗ ಮುದ್ದಕ್ಕನಿಗೆ ದನಿ ಬಂತು.

"ಅಪ್ಪನ್ನ ಕೇಳಿದ್ರಿ, ಸರಿ. ನನ್ನ ಯಾರು ಕೇಳ್ತಾರೆ?"

ಎತ್ತಪ್ಪ ಅವಳ ಕಡೆ ತಿರುಗಿದ. ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ತುಂಟತನ. ಅವನು ಏನೋ ಪಿಸುಗುಟ್ಟಿದ.

"ಕೇಳಿಸ್ಲಿಲ್ಲ."

"ನನ್ನ ಜೊತೆ ಬರ್ತೀರಾ ಅಂದೆ."

"ಎಲ್ಲಿಗೆ? ದಾವಣಗೆರೆಗಾ?"

"ದಾವಣಗೆರೆಗೆ, ಹುಬ್ಬಳ್ಳಿಗೆ, ಆಮೇಲೆ ಎಲ್ಲಿಗಾದ್ರೂ. ನೀವಿಲ್ದೇ ಇದ್ರೆ ನಂಗೆ ಆ ಕತ್ಲೇಲಿ ಕೂರಾಕೆ ಆಗಲ್ಲ. ನಿಮ್ಮ ದನಿ ಕೇಳಿಸ್ತಾ ಇರ್ಬೇಕು. ಮುದ್ದಕ್ಕಾ, ನೀವಂದ್ರೆ ನಂಗೆ ಪ್ರಾಣ."

ಮುಂದೆ ನಿಂತಿದ್ದ ಹೆಂಗಸೊಬ್ಬಳು ತಡೆಯಲಾರದೆ ಕೂಗಿದಳು, "ನಮಗೆಲ್ಲ ಕೇಳಿಸ್ತು ಕಣವ್ವ, ಹೂಂ ಅಂದ್ಬಿಡು!"

ಮುದ್ದಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹೂಂ ಅಂದಳು. ಮೈಕಿಲ್ಲದೆ ಅವಳು ಅಷ್ಟು ಮೆತ್ತಗೆ ಮಾತಾಡಿದ್ದನ್ನು ಎತ್ತಪ್ಪ ಅದೇ ಮೊದಲು ಕೇಳಿದ್ದು.

ಮದುವೆ ಹಟ್ಟಿಯಲ್ಲೇ ಆಯಿತು. ಮುರುಗಪ್ಪನವರು ಮದುಮಕ್ಕಳನ್ನು ಕರೆದೊಯ್ಯಲು ಲಾರಿಯನ್ನೇ ಕಳಿಸಿದರು. ದಾವಣಗೆರೆ ದಾರಿಯಲ್ಲಿ, ಭರಮಸಾಗರದ ಕೆರೆ ಏರಿಯ ಹತ್ತಿರ ಡ್ರೈವರ್ ಬೀಡಿ ಸೇದಲು ನಿಲ್ಲಿಸಿದ. ಬೆಳಗಿನ ಬಿಸಿಲು ನೀರಿನ ಮೇಲೆ ಹರಡಿತ್ತು. ಮುದ್ದಕ್ಕ ಇಳಿದು ಹೋಗಿ ಮುಖ ತೊಳೆದು ಬಂದಳು. ಹಣೆಯ ಕುಂಕುಮ ಸ್ವಲ್ಪ ಕರಗಿ ಮೂಗಿನ ಮೇಲೆ ಇಳಿದಿತ್ತು.

"ಏನು ಹಂಗೆ ನೋಡ್ತೀರಾ?"

"ಏನಿಲ್ಲ," ಅಂದ ಎತ್ತಪ್ಪ, ಅವಳ ಮೂಗಿನ ಮೇಲಿನ ಕೆಂಪನ್ನು ಬೆರಳಿಂದ ಒರೆಸುತ್ತ. "ಹಿಂಗೇ ನೋಡ್ತಾ ಇದ್ರೆ, ದಾವಣಗೆರೆ ಇನ್ನೂ ಸ್ವಲ್ಪ ದೂರ ಇರ್ಬೇಕಿತ್ತು ಅನ್ನಿಸ್ತೈತೆ."

ಅವಳು ನಕ್ಕು, ಬೀಡಿ ಮುಗಿಸಿ ಎದ್ದ ಡ್ರೈವರನಿಗೆ ಕೂಗಿ ಹೇಳಿದಳು, "ಅಣ್ಣಾ, ಅವಸರ ಏನಿಲ್ಲ. ಇನ್ನೊಂದು ಸೇದ್ರಿ."