ಹಾಳೆಯ ಹಿಂಬದಿ

“ಇವನ್ನ ಯಾವ ಚಾದಂಗಡ್ಯಾಗ ಕುಂತು ತುಂಬಿದಿ?”

ಪದ್ಮಶ್ರೀ ಇದನ್ನು ಮೆಲ್ಲಗೆ ಕೇಳಬಹುದಿತ್ತು. ಕೇಳಲಿಲ್ಲ. ಗೋಕಾಕದ ಆ ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ ಕೂತಿದ್ದ ಮನಃಶಾಸ್ತ್ರದ ಕೊನೆಯ ವರ್ಷದ ಹದಿನೇಳು ಮಂದಿಯೂ ಒಟ್ಟಿಗೆ ತಿರುಗಿ ನೋಡಿದರು.

ಬಾಗಿಲಲ್ಲಿ ಬಾಳೇಶ ನಿಂತಿದ್ದ. ಕೈಯಲ್ಲಿ ಚುರುಮುರಿಯ ಎರಡು ಪೊಟ್ಟಣ. ಒಂದರಲ್ಲಿ ಉಳ್ಳಾಗಡ್ಡಿ ಇರಲಿಲ್ಲ, ಅದು ಅವಳದು.

“ಏನ ತುಂಬೇನಿ?”

ಅವಳು ನಲವತ್ತು ಹಾಳೆಗಳ ಕಟ್ಟನ್ನು ಎತ್ತಿ ಹಿಡಿದಳು. ಹುಕ್ಕೇರಿ ತಾಲ್ಲೂಕಿನ ದಡ್ಡಿ ಅವನ ಊರು. ಅಲ್ಲಿನ ನಲವತ್ತು ಸೊಸೆಯಂದಿರನ್ನು ಕೇಳಿ ಅವನು ತುಂಬಿಸಿ ತಂದ ಪ್ರಶ್ನಾವಳಿ ಅದು. ಇಪ್ಪತ್ತು ಪ್ರಶ್ನೆ. ಪ್ರತಿಯೊಂದರ ಮುಂದೆ ಐದು ಚೌಕ. ಒಂದು ಎಂದರೆ ‘ಎಂದೂ ಇಲ್ಲ’, ಐದು ಎಂದರೆ ‘ಯಾವಾಗಲೂ’. ದಡ್ಡಿಯ ಹಾಳೆಗಳಲ್ಲಿ ಗುರುತೆಲ್ಲ ನಟ್ಟನಡುವಿನ ಮೂರನೇ ಚೌಕದಲ್ಲಿ, ಮೇಲಿನಿಂದ ಕೆಳಗೆ, ಕೂರಿಗೆ ಹೊಡೆದ ಸಾಲಿನಂತೆ ನೇರವಾಗಿ ಬಿದ್ದಿತ್ತು.

ಮೂರೇ ಮೂರು ಹಾಳೆ ಬೇರೆಯಾಗಿದ್ದವು. ಗುಂಪಿನಿಂದ ದೂರ ಬಿದ್ದ ಅಂಕಿಗಳನ್ನು ತೆಗೆದುಬಿಡಬಹುದು ಎಂದು ಪುಸ್ತಕದಲ್ಲಿತ್ತು. ಅವಳು ಅವನ್ನು ಲೆಕ್ಕದಿಂದ ತೆಗೆದಿಟ್ಟಿದ್ದಳು.

“ಇಷ್ಟೂ ಹೆಣ್ಣಮಕ್ಕಳ ಮನಸ್ಸು ಒಂದ ಅಳತಿದು ಏನು? ಸ್ಟ್ಯಾಂಡರ್ಡ್ ಡೀವಿಯೇಷನ್ ಸೊನ್ನಿ ಹತ್ರ ಬಂದೈತಿ. ಮನಷ್ಯಾರು ಹಿಂಗ ಇರೂದಿಲ್ಲ ಬಾಳೇಶ. ಇಟ್ಟಂಗಿ ಹಿಂಗ ಇರ್ತಾವ.”

ಹಿಂದೆ ಯಾರೋ ನಕ್ಕರು.

“ಅವರು ಹೇಳಿದ್ದನ್ನ ಬರದೇನಿ. ನೀ ಆ ಹಾಳಿ...”

“ಮತ್ತ ಸುಳ್ಳ ಹೇಳಬ್ಯಾಡ.”

ಅವನು ಎರಡೂ ಪೊಟ್ಟಣಗಳನ್ನು ಕೀಬೋರ್ಡಿನ ಪಕ್ಕ ಇಟ್ಟ. “ಆತ್ರಿ” ಎಂದು ಹೊರಟುಹೋದ.

ಮೂರು ತಿಂಗಳಿನಿಂದ ‘ನೀ’ ಎನ್ನುತ್ತಿದ್ದವನು ‘ರಿ’ ಹಚ್ಚಿದ್ದ. ಬೈದಿದ್ದರೆ ಅವಳಿಗೆ ಅಷ್ಟು ನೋಯುತ್ತಿರಲಿಲ್ಲ.

ಮೂರು ತಿಂಗಳ ಹಿಂದೆ, ಪ್ರಾಜೆಕ್ಟಿಗೆಂದು ಶೋಭಾ ಮೇಡಂ ರೋಲ್ ನಂಬರಿನ ಪ್ರಕಾರ ಜೋಡಿ ಮಾಡಿದಾಗ, ಪದ್ಮಶ್ರೀ ಜೋಡಿ ಬದಲಿಸಿ ಎಂದು ಕೇಳಲು ಸ್ಟಾಫ್ ರೂಮಿಗೇ ಹೋಗಿದ್ದಳು. ಅವಳು ತರಗತಿಗೆ ಮೊದಲಿಗಳು. ಬಾಳೇಶ ಸಂಖ್ಯಾಶಾಸ್ತ್ರದಲ್ಲಿ ಒಮ್ಮೆ ಫೇಲಾದವನು. ಹೋಗಿ ನೋಡಿದರೆ ಅವನೂ ಅದನ್ನೇ ಕೇಳಲು ಅಲ್ಲಿ ನಿಂತಿದ್ದ. “ಈಕಿ ಅಂದ್ರ ನನಗ ಅಂಜಿಕಿರಿ ಮೇಡಂ” ಎಂದಿದ್ದ. ಮೇಡಂ ಇಬ್ಬರನ್ನೂ ಹೊರಗೆ ಕಳಿಸಿದ್ದರು.

ವಿಷಯ ಅವಳದೇ. ಹೊಸದಾಗಿ ಮದುವೆಯಾಗಿ ಬಂದ ಸೊಸೆಯಂದಿರ ಒಂಟಿತನ. ಮೂಡಲಗಿ ಕಡೆಯ ಮಸಗುಪ್ಪಿಯಲ್ಲಿ, ತನ್ನೂರಿನಲ್ಲಿ, ಅವಳು ನಲವತ್ತು ಮಂದಿಯನ್ನು ಕೇಳುವುದು. ದಡ್ಡಿಯಲ್ಲಿ ಅವನು ನಲವತ್ತು ಮಂದಿಯನ್ನು ಕೇಳುವುದು. ಎರಡು ಕಡೆಯ ಸರಾಸರಿಗಳನ್ನು ಹೋಲಿಸುವುದು.

ಪ್ರಶ್ನೆಗಳು ಇಂಗ್ಲಿಷಿನಲ್ಲಿದ್ದವು. ಅವಳು ಕನ್ನಡಕ್ಕೆ ತಂದಳು. ‘ನಾನು ಒಂಟಿತನವನ್ನು ಅನುಭವಿಸುತ್ತೇನೆ.’ ಬಾಳೇಶ ಓದಿ, ಇದನ್ನು ದಡ್ಡಿಯಲ್ಲಿ ಕೇಳಿದರೆ ದವಾಖಾನೆಗೆ ಕರೆದುಕೊಂಡು ಹೋಗುತ್ತಾರೆ ಎಂದ. ಹಾಗಾದರೆ ನೀನೇ ಬರೆ ಎಂದು ಅವಳು ಪೆನ್ನು ಎಸೆದಳು. ಅವನು ಕಿಟಕಿಯ ಕಡೆ ನೋಡುತ್ತ ಹೇಳಿದ:

“ಮನಸ್ಸಿನ ಮಾತು ಹೇಳಾಕ ನನಗ ಯಾರೂ ಇಲ್ಲ ಅನಸ್ತೈತಿ.”

ಅದು ಏಳನೇ ಪ್ರಶ್ನೆಯಾಯಿತು. ಬರೆದುಕೊಳ್ಳುವಾಗ ಅವಳಿಗೆ ಅನಿಸಿತ್ತು, ಈ ಮಾತು ಅವನಿಗೆ ಎಲ್ಲಿಂದ ಸಿಕ್ಕಿತು?

ಆಮೇಲೆ ಅವಳು ಅವನಿಗೆ ಡೀವಿಯೇಷನ್, ಅಂದರೆ ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಲೆಕ್ಕ, ಕಲಿಸಿದಳು. ಮೂರು ದಿನ ಸೂತ್ರ ಬರೆದರೂ ಹತ್ತಲಿಲ್ಲ. ಕೊನೆಗೆ ಅವನೇ ಹಾದಿ ಹುಡುಕಿಕೊಂಡ. ಮಸಗುಪ್ಪಿ ಬಸ್ಸು ಸರಾಸರಿ ಒಂಬತ್ತಕ್ಕೆ ಬರುತ್ತದೆ, ಆದರೆ ಒಂದು ದಿನ ಎಂಟೂವರೆಗೆ, ಇನ್ನೊಂದು ದಿನ ಒಂಬತ್ತೂವರೆಗೆ. “ಸರಾಸರಿ ನಂಬಿ ನಿಂತವರಿಗೆ ಬಸ್ ತಪ್ಪತೈತಿ, ಹೌದಲ್ಲ?” ಅವಳು ನಕ್ಕಿದ್ದಳು. ಅಂದಿನಿಂದ ಚುರುಮುರಿ ಎರಡು ಪೊಟ್ಟಣ ಬರತೊಡಗಿತ್ತು.

ಅಂಥವನು ಮೋಸ ಮಾಡಿದ!

ಅವಳ ಸಿಟ್ಟಿಗೆ ಅದೇ ಬೇರು. ಅಂಕಿ ಸುಳ್ಳಾಗಿದ್ದಕ್ಕಿಂತ ಅವನು ಸುಳ್ಳಾಗಿದ್ದು ಅವಳಿಗೆ ಸಹಿಸಲಾಗಲಿಲ್ಲ. ಅದೇ ಉರಿಯಲ್ಲಿ ಶೋಭಾ ಮೇಡಂ ಹತ್ತಿರ ಹೋಗಿ ಹೇಳಿಯೂ ಬಿಟ್ಟಳು.

ಮೇಡಂ ಕಟ್ಟಿನ ಮೇಲಿನ ನಾಲ್ಕು ಹಾಳೆಗಳ ಮೇಲೆ ಕಣ್ಣಾಡಿಸಿ, ಕನ್ನಡಕ ತೆಗೆದರು. “ಇದು ಅಂವನ ಹೆಸರಿನ ಪ್ರಶ್ನಿ. ನಿನಗ ಖಾತ್ರಿ ಐತೇನು?”

“ಐತ್ರಿ.”

ಬಾಳೇಶನನ್ನು ಕರೆಸಿದರು. ಹೋಗಿದ್ದೆ, ಕೇಳಿದ್ದೆ, ಬರೆದಿದ್ದೆ ಎಂದಷ್ಟೇ ಹೇಳಿ ಅವನು ಗೋಡೆ ನೋಡುತ್ತ ನಿಂತ. ಪದ್ಮಶ್ರೀಯ ಕಡೆ ತಿರುಗಲಿಲ್ಲ. ಮೌಖಿಕ ಪರೀಕ್ಷೆಗೆ ಎಂಟು ದಿನ ಉಳಿದಿತ್ತು. ದಡ್ಡಿಯ ಕೆಲಸವನ್ನು ಪದ್ಮಶ್ರೀ ಮತ್ತೆ ಮಾಡಬೇಕು, ಅಂಕಿ ಸುಳ್ಳೆಂದು ತಿಳಿದುಬಂದರೆ ಪ್ರಾಜೆಕ್ಟಿನಿಂದ ಬಾಳೇಶನ ಹೆಸರು ಹೋಗುತ್ತದೆ, ಅವನು ಮುಂದಿನ ವರ್ಷ ಮತ್ತೆ ಕೂರಬೇಕು ಎಂದು ಮೇಡಂ ತೀರ್ಮಾನಿಸಿದರು.

ಗೆದ್ದೆ ಎಂದು ಅವಳಿಗೆ ಅನಿಸಬೇಕಿತ್ತು. ಆದರೆ ಅವತ್ತು ಸಂಜೆಯವರೆಗೂ ಕಂಪ್ಯೂಟರ್ ಮೂರು ಸಲ ಕೈಕೊಟ್ಟಿತು, ಸರಾಸರಿಗಳನ್ನು ಹೋಲಿಸುವ ಟೀ-ಟೆಸ್ಟ್ ತಪ್ಪಾಯಿತು, ತಪ್ಪು ಎಲ್ಲಿದೆ ಎಂದು ಸಿಗಲಿಲ್ಲ. ಯಾರನ್ನಾದರೂ ಬೈಯಬೇಕು ಎನಿಸಿತು. ಬೈಸಿಕೊಳ್ಳುವವನು ಪಕ್ಕದಲ್ಲಿ ಇರಲಿಲ್ಲ.

ಮಾರನೇ ದಿನ ಹಳೆಯ ಕಟ್ಟನ್ನೂ ಹೊಸ ಖಾಲಿ ಹಾಳೆಗಳನ್ನೂ ಚೀಲಕ್ಕೆ ತುರುಕಿಕೊಂಡು ದಡ್ಡಿಗೆ ಹೊರಟಳು. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು ಅಡ್ಡ. ಬಸ್ಸಿಗಿಂತ ಮೊದಲು ಅವಳ ಸಿಟ್ಟು ಊರು ಮುಟ್ಟಿತು.

ಮೊದಲ ಮನೆ ಭರಮವ್ವನದು. ಭರಮವ್ವ ಚಾಪೆ ಹಾಸಿದಳು, ಸೊಸೆ ಲಕ್ಷ್ಮೀಗೆ ಹೇಳಿ ಚಹಾ ಮಾಡಿಸಿದಳು, ಆಮೇಲೆ ಸೊಸೆಗೂ ಪದ್ಮಶ್ರೀಗೂ ನಡುವೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು.

“ಆ ಬಾಳ್ಯಾನೂ ಹಿಂಗ ಹಾಳಿ ಹಿಡಕೊಂಡು ಮೂರ ಸಲ ಬಂದಿದ್ದ. ನಾ ಎದ್ದು ಹೊರಗ ಹೋಗತೇನೇನು ಅಂತ ಕಾಯ್ದ. ನಾ ಯಾಕ ಏಳ್ಲಿ? ನನ್ನ ಮನಿ.”

ಪದ್ಮಶ್ರೀಯ ಪೆನ್ನು ನಿಂತಿತು. ಬಂದಿದ್ದ. ಮೂರು ಸಲ!

ಪ್ರಶ್ನೆಗಳನ್ನು ಓದತೊಡಗಿದಳು. ಏಳನೆಯದಕ್ಕೆ ಬಂದಾಗ ಲಕ್ಷ್ಮೀಯ ತುಟಿ ಅಲುಗಿತು. ಅಷ್ಟರಲ್ಲಿ ಭರಮವ್ವ ಹೇಳಿದಳು:

“ನಡುವಿಂದ ಬರ್ಕೊಳವಾ. ಬಾಳ ಸುಖ ಅಂದ್ರ ದೃಷ್ಟಿ ಆಕ್ಕೈತಿ. ದುಃಖ ಅಂದ್ರ ಮನಿ ಹೆಸರ ಹೋಗತೈತಿ. ಪರರ ಮುಂದ ನಡುವಿಂದ ಹೇಳಬೇಕು. ನಮ್ಮತ್ತಿ ನನಗ ಕಲಿಸಿದ್ದು.”

ಅದರಲ್ಲಿ ಕೆಟ್ಟತನವೇನೂ ಇರಲಿಲ್ಲ. ಉಪ್ಪು ಎಷ್ಟು ಹಾಕಬೇಕೆಂದು ಹೇಳಿಕೊಡುವವರ ದನಿ ಅದು.

ಎರಡನೇ ಮನೆ, ಮೂರನೇ ಮನೆ, ಐದನೇ ಮನೆ. ಎಲ್ಲ ಕಡೆಯೂ ಒಬ್ಬ ಅತ್ತೆ, ಒಂದು ಚಾಪೆ, ನಡುವಿನ ಚೌಕ. ಅವಳ ಕೈಯಾರೆ ಅದೇ ನೇರ ಸಾಲು ಬೀಳುತ್ತ ಹೋಯಿತು. ಮಸಗುಪ್ಪಿಯಲ್ಲಿ ಹೀಗಾಗಿರಲಿಲ್ಲವಲ್ಲ ಎಂದುಕೊಂಡಳು. ಅಲ್ಲಿ ಅವಳು ಊರ ಮಗಳು. ಕಾಲುವೆಯಲ್ಲಿ ಬಟ್ಟೆ ಒಗೆಯುವಾಗ ಸೊಸೆಯಂದಿರ ಪಕ್ಕ ಕೂತು ಕೇಳಿದ್ದಳು. ಅಲ್ಲಿಗೆ ಅತ್ತೆಯರು ಬರುವುದಿಲ್ಲ. ಬಾಳೇಶ ಗಂಡಸು. ಯಾವ ಸೊಸೆಯ ಪಕ್ಕ, ಯಾವ ಕಾಲುವೆಯಲ್ಲಿ ಅವನು ಕೂರಬಹುದಿತ್ತು?

ಬಸ್ಸಿಗೆ ಕಾಯುತ್ತಿದ್ದಾಗ ಲಕ್ಷ್ಮೀ ಕರಿಬೇವಿನ ನೆಪ ಮಾಡಿಕೊಂಡು ಓಡಿ ಬಂದಳು. ಸುತ್ತ ನೋಡಿ, ಉಸಿರು ಹಿಡಿದು ಹೇಳಿದಳು.

“ಏಳನೇದಕ್ಕ ಐದು ಬರ್ಕೋರಿ ಅಕ್ಕಾರ. ಬಾಳೇಶಣ್ಣಗೂ ಹೇಳಬೇಕಂದಿದ್ದೆ, ಆಗಲಿಲ್ಲ. ಅಂವಗ ತಿಳೀತು ಅನಸ್ತೈತಿ. ಹಾಳಿ ಹಿಂದ ಏನೋ ಬರ್ಕೊಂಡ.”

ಹಾಳೆಯ ಹಿಂದೆ?

ಬಸ್ಸು ಹತ್ತಿ ಹಳೆಯ ಕಟ್ಟನ್ನು ಬಿಚ್ಚಿದಳು. ಮೊದಲ ಹಾಳೆಯನ್ನು ತಿರುಗಿಸಿದಳು. ಪೆನ್ಸಿಲಿನಲ್ಲಿ ಸಣ್ಣ ಅಕ್ಷರ.

‘ಅತ್ತೆ ಬಾಜೂ ಕೂತಿದ್ದರು. ಸೊಸೆ ತಲೆ ಎತ್ತಲಿಲ್ಲ.’

ಎರಡನೆಯದು. ‘ಅತ್ತೆ ಬಾಜೂ. ಉತ್ತರವನ್ನೂ ಅತ್ತೆಯೇ ಹೇಳಿದರು.’ ಮೂರನೆಯದು, ಹತ್ತನೆಯದು, ಮೂವತ್ತನೆಯದು... ಅವಳು ತೆಗೆದಿಟ್ಟಿದ್ದ ಆ ಮೂರು ಹಾಳೆಗಳ ಹಿಂದೆ ಮಾತ್ರ ಬೇರೆ ಮಾತು. ‘ಅತ್ತೆ ಹೊಲಕ್ಕೆ ಹೋಗಿದ್ದರು. ಮನೆಯಲ್ಲಿ ಸೊಸೆ, ಚಿಕ್ಕ ನಾದಿನಿ ಇಬ್ಬರೇ.’ ಅವುಗಳಲ್ಲಿ ನಾಲ್ಕು, ಐದುಗಳಿದ್ದವು. ದಡ್ಡಿಯಿಂದ ಬಂದ ನಿಜವೆಂದರೆ ಅಷ್ಟೇ. ಅಷ್ಟನ್ನೇ ಅವಳು ಹೊರಗಿಟ್ಟಿದ್ದಳು.

ಕೊನೆಯ ಹಾಳೆಯ ಹಿಂದೆ ಎರಡು ಸಾಲು ಹೆಚ್ಚಿತ್ತು. ‘ಇದನ್ನು ಲೆಕ್ಕಕ್ಕೆ ಹೆಂಗ ತರೂದು? ಪದ್ಮಾನ್ನ ಕೇಳಬೇಕು. ಆಕಿಗೆ ಗೊತ್ತಿರ್ತೈತಿ.’

ಅವಳು ಹಾಳೆಯಿಂದ ಮುಖ ಮುಚ್ಚಿಕೊಂಡಳು. ಎದುರಿನ ಸೀಟಿನ ಅಜ್ಜಿ ಬಸ್ಸಿನ ತ್ರಾಸು ಎಂದುಕೊಂಡು ನಿಂಬೆಹಣ್ಣು ಕೊಟ್ಟಳು.

ಮಾರನೇ ದಿನ ಹದಿನೇಳು ಮಂದಿಯ ಎದುರಿಗೇ ಮೇಡಂಗೆ ಹೇಳಿದಳು. ಎಲ್ಲರ ಮುಂದೆ ಮಾಡಿದ ಆರೋಪವನ್ನು ಮೂಲೆಯಲ್ಲಿ ಹಿಂತೆಗೆದುಕೊಳ್ಳಲು ಬರುವುದಿಲ್ಲ. ಬಾಳೇಶ ಹಿಂದಿನ ಬೆಂಚಿನಲ್ಲಿದ್ದ. ಅವಳು ಆ ಕಡೆ ನೋಡದೆ ಹಾಳೆಗಳ ಕಟ್ಟನ್ನು ಮೇಡಂ ಮುಂದಿಟ್ಟಳು.

“ಬಾಳೇಶನ ಅಂಕಿ ಖರೆ ಅದಾವ್ರಿ. ನಾ ಹಾಳಿ ಹೊಳ್ಳಿಸಿ ನೋಡಲಿಲ್ಲ. ಎರಡೂರಿನ ಫರಕ ಅಂತ ನಾ ಹುಡುಕಿದ್ದು, ಬಾಜೂ ಯಾರ ಕುಂತಿದ್ರು ಅನ್ನೂದರ ಫರಕರಿ.”

ಮೇಡಂ ಹಾಳೆಗಳನ್ನು ಒಂದೊಂದಾಗಿ ತಿರುಗಿಸಿ ಓದಿದರು. ತಾವೂ ನೋಡಬೇಕಿತ್ತು ಎಂದರು. ಹಾಗಾದರೆ ನಿನ್ನ ಹೋಲಿಕೆ ಬಿದ್ದುಹೋಯಿತಲ್ಲ, ಮಾರ್ಕ್ಸೂ ಹೋಗಬಹುದು ಎಂದರು. ಗೊತ್ತು ಎಂದಳು. ವರದಿಯ ಮೇಲೆ ಬಾಳೇಶನ ಹೆಸರು ಮೊದಲು ಬರಲಿ, ಕಂಡುಹಿಡಿದವನು ಅವನು ಎಂದಳು.

ತಿರುಗಿ ನೋಡಿದಾಗ ಹಿಂದಿನ ಬೆಂಚು ಖಾಲಿ.

ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ. ಕಲ್ಲುಬೆಂಚಿನ ಒಂದು ತುದಿಯಲ್ಲಿ ಅವನು, ಇನ್ನೊಂದು ತುದಿಯಲ್ಲಿ ಗೋಣಿಚೀಲ ಹಿಡಿದ ಒಬ್ಬ ಮುದುಕ. ಅವಳು ನಡುವೆ ಕೂತಳು.

“ಪುರಾವೆ ಸಿಕ್ತೇನ್ರಿ?” ಎಂದ, ರಸ್ತೆ ನೋಡುತ್ತ.

“ಸಿಕ್ತು. ನನ್ನ ಮ್ಯಾಲೆ ನನಗ ಸಿಟ್ಟು ಬಂದದ್ದೂ ಅದಕ್ಕ. ಅದು ಸಿಗೂಕಿಂತ ಮೊದಲ ನಿನ್ನ ನಂಬಬೇಕಾಗಿತ್ತು.” ಅವನ ಕಡೆ ತಿರುಗಿ ಕೇಳಿದಳು. “ಹಿಂದ ಬರದದ್ದನ್ನ ಮೇಡಂಗ ಯಾಕ ತೋರಸಲಿಲ್ಲ?”

“ಮೇಡಂ ಓದಲಿ ಅಂತ ಬರದಿದ್ದಿಲ್ರಿ ಅದನ್ನ.”

ಹುಕ್ಕೇರಿ ಬಸ್ಸು ಬಂತು. ನಿಂತಿತು. ಹೋಯಿತು. ಅವನು ಏಳಲಿಲ್ಲ. ಮುದುಕ ಮಾತ್ರ ಗೋಣಿಚೀಲ ಹೊತ್ತು ಅದರಲ್ಲಿ ಹೋದ.

ಪದ್ಮಶ್ರೀ ಚೀಲದಿಂದ ಒಂದು ಖಾಲಿ ಹಾಳೆ ತೆಗೆದಳು. ಪೆನ್ನಿನ ಮುಚ್ಚಳ ಬಿಚ್ಚಿದಳು.

“ಏಳನೇ ಪ್ರಶ್ನಿ. ಮನಸ್ಸಿನ ಮಾತು ಹೇಳಾಕ ಯಾರೂ ಇಲ್ಲ ಅನಸ್ತೈತೇನು?”

“ನಡುವಿಂದ ಬರ್ಕೋರಿ.”

“ನಡುವಿಂದು ಪರರಿಗೆ ಹೇಳೂದು. ಭರಮವ್ವ ಹೇಳ್ಯಾಳ.” ಅವಳು ಖಾಲಿಯಾದ ಬೆಂಚಿನ ತುದಿಯನ್ನು ತೋರಿಸಿದಳು. “ನೋಡು, ಬಾಜೂ ಯಾರೂ ಕುಂತಿಲ್ಲ.”

ಅವನು ಈಗ ಅವಳ ಮುಖ ನೋಡಿದ. ಪೆನ್ನು ಕಿತ್ತುಕೊಂಡು ಮೊದಲನೇ ಚೌಕದಲ್ಲಿ ಗುರುತು ಹಾಕಿದ. ‘ಎಂದೂ ಇಲ್ಲ.’

“ಯಾರೂ ಇಲ್ಲ ಅಂತ ಹೆಂಗ ಹೇಳ್ಲಿ? ಒಬ್ಬಾಕಿ ಅದಾಳ. ಜಗಳಗಂಟಿ. ಹಾಳಿ ಹೊಳ್ಳಿಸಿ ನೋಡೂದಿಲ್ಲ. ಆದ್ರ ಅದಾಳ.” ಆಮೇಲೆ ಮೆತ್ತಗೆ ಕೇಳಿದ. “ಈಗ ನೀ ಹೇಳು.”

‘ನೀ’ ಮರಳಿ ಬಂದಿತ್ತು.

ಅವಳು ಹಾಳೆಯನ್ನು ತಿರುಗಿಸಿ ಹಿಂಬದಿಯಲ್ಲಿ ಬರೆದು ಅವನ ಕೈಗಿತ್ತಳು. ‘ಬಾಳೇಶ ಬಾಜೂ ಕೂತಿದ್ದ. ತಲೆ ಎತ್ತಿ ಹೇಳಿದೆ.’

“ಏನ ಹೇಳಿದಿ? ಅದನ್ನ ಬರದ ಇಲ್ಲಲ್ಲ.”

ಅವಳು ತಲೆ ಎತ್ತಿದಳು. “ನೀ ಅಂದ್ರ ನನಗ ಜೀವ. ಕೇಳಿಸ್ತೇನು?”

“ಮಸಗುಪ್ಪಿ ಬಸ್ಸಿನ ಸಪ್ಪಳದಾಗ ಕೇಳಿಸಲಿಲ್ಲ. ಇನ್ನೊಮ್ಮಿ ಹೇಳು.”

ಬಸ್ಸು ಎಲ್ಲೂ ಇರಲಿಲ್ಲ. ಅವಳು ಇನ್ನೊಮ್ಮೆ ಹೇಳಿದಳು.